ಜರ್ಮನ್ ಯುದ್ಧ ದಿನಚರಿಗಳಲ್ಲಿ ದಿಕ್ಕು ಮತ್ತು ಸ್ಥಳ: ನಾನು ಅನುವಾದಿಸುವ ಬಗೆ

ಎರಡನೇ ಮಹಾಯುದ್ಧದ ಜರ್ಮನ್ ಯುದ್ಧ ದಿನಚರಿಗಳನ್ನು, ಅಂದರೆ ಸೇನಾ ಪಡೆಗಳು ಬರೆದಿಟ್ಟ ದಿನದಿನದ ಅಧಿಕೃತ ದಾಖಲೆಗಳನ್ನು, ಇಂಗ್ಲಿಷಿಗೆ ತರುವಾಗ ನಾನು ನಿಘಂಟಿಗಿಂತ ಮೊದಲು ಆ ಕಾಲದ ನಕ್ಷೆ ಬಿಡಿಸಿಕೊಳ್ಳುತ್ತೇನೆ. ಪಡೆ ಎಲ್ಲಿ ನಿಂತಿತ್ತೆಂದು ಗುರುತು ಹಾಕದೆ ವಾಕ್ಯಕ್ಕೆ ಕೈ ಹಚ್ಚುವುದಿಲ್ಲ.

ಹೆಚ್ಚು ದಾರಿ ತಪ್ಪಿಸುವ ಪದ ‘ಓಸ್ಟ್‌ವೆರ್ಟ್ಸ್’. ‘ಈಸ್ಟ್‌ವರ್ಡ್’ ಎಂದು ಬರೆದರೆ ನಿಂತಿದ್ದ ಪಡೆ ನಡೆಯತೊಡಗುತ್ತದೆ. ‘ಓಸ್ಟ್‌ಲಿಖ್’ (ಪೂರ್ವಕ್ಕೆ), ‘ವೆಸ್ಟ್‌ಲಿಖ್’ (ಪಶ್ಚಿಮಕ್ಕೆ) ಎರಡೂ ಫೋನಿನಲ್ಲಿ ಒಂದೇ ಥರ ಕೇಳುವುದರಿಂದ ಸೇನೆ ಪೂರ್ವಕ್ಕೆ ಮಾತ್ರ ಈ ಬೇರೆ ಪದ ಇಟ್ಟುಕೊಂಡಿತ್ತು. ‘ಓಸ್ಟ್‌ವೆರ್ಟ್ಸ್ ಬೆಲ್ಗೊರೊಡ್’ ಎಂದರೆ ‘ಈಸ್ಟ್ ಆಫ್ ಬೆಲ್ಗೊರೊಡ್’, ರಷ್ಯಾದ ಆ ಊರಿನ ಪೂರ್ವಕ್ಕೆ, ಅಷ್ಟೇ.

‘ಯೂಬರ್ ಬೆಲ್ಗೊರೊಡ್ ಔಫ್ ಒಬೊಯಾನ್’ ಎಂಬಲ್ಲಿ ‘ಯೂಬರ್’ ‘ವಯಾ’ ಆಗುತ್ತದೆ, ‘ಔಫ್’ ‘ಟುವರ್ಡ್’: ಬೆಲ್ಗೊರೊಡ್ ಮೂಲಕ, ರಷ್ಯಾದ ಇನ್ನೊಂದು ಊರು ಒಬೊಯಾನ್ ಕಡೆಗೆ. ಇಲ್ಲಿ ‘ಆನ್’ ಬಳಸಿದರೆ ಒಬೊಯಾನ್ ಕೈಗೆ ಬಂದಂತೆ ಓದಿಸಿಕೊಳ್ಳುತ್ತದೆ. 1943ರ ಜುಲೈ ದಾಳಿಯಲ್ಲಿ ಜರ್ಮನರು ಆ ಊರು ಮುಟ್ಟಲೇ ಇಲ್ಲ. ಎತ್ತರ ಎಂಬರ್ಥದ ‘ಹೋಹೆ’ ಮುಂದೆ ಅಂಕಿ ಇದ್ದರೆ ಅದು ‘ಹಿಲ್’. ಅಂಕಿಯ ಅಲ್ಪವಿರಾಮವನ್ನು ದಶಾಂಶ ಬಿಂದು ಮಾಡಬೇಕು: 252,2 ಅಲ್ಲ, 252.2. ಆದರೆ ‘ಇನ್ ಹೋಹೆ ಫೋನ್’ ಎಂದರೆ ‘ಲೆವೆಲ್ ವಿತ್’, ಅಲ್ಲಿ ಗುಡ್ಡವೇ ಇಲ್ಲ. ‘ಬೈಡರ್‌ಸೈಟ್ಸ್’ಗೆ ರಸ್ತೆಯಾದರೆ ‘ಅಸ್ಟ್ರೈಡ್’, ಊರಾದರೆ ‘ಆನ್ ಬೋತ್ ಸೈಡ್ಸ್ ಆಫ್’ ಹಾಕುತ್ತೇನೆ. ದಿಕ್ಕಿನ ಪದದ ಜೊತೆ ಬರುವ ‘ಹಾರ್ಟ್’ ಎಂಬುದು ‘ಇಮೀಡಿಯೆಟ್ಲಿ’: ಕೂಡಲೇ ಅಲ್ಲ, ತೀರಾ ಪಕ್ಕದಲ್ಲಿ.

ಬಲ, ಎಡಗಳನ್ನು ಶತ್ರುವಿಗೆ ಮುಖ ಮಾಡಿ ನಿಂತು ನೋಡಬೇಕು. ನದಿಯ ದಂಡೆಗೆ ಮಾತ್ರ ನೀರು ಹರಿಯುವ ಕಡೆಗೆ ಮುಖ.

ನಿಜವಾಗಿ ತಾಳ್ಮೆ ಬೇಡುವುದು ‘ಷ್ಟೋಸ್‌ಲೀನಿ’, ಇಂಗ್ಲಿಷಿನಲ್ಲಿ ‘ಥ್ರಸ್ಟ್ ಲೈನ್’. ಸ್ಥಳವನ್ನು ಹೆಸರಿಸದೆ ಅಂಕಿಗಳಲ್ಲಿ ಹೇಳಲು ನಕ್ಷೆಯ ಮೇಲೆ ಒಂದು ಮೂಲಬಿಂದುವಿನಿಂದ, ಸಾಮಾನ್ಯವಾಗಿ ಶತ್ರುವಿನ ಕಡೆಗೆ, ಎಳೆದ ಗೆರೆ ಅದು. ‘8 ರೆಖ್ಟ್ಸ್ 2’ ಎಂದಿದ್ದರೆ ಗೆರೆಯ ಮೇಲೆ 8 ಸೆಂಟಿಮೀಟರ್ ಸಾಗಿ, ಅಲ್ಲಿಂದ ಲಂಬವಾಗಿ ಬಲಕ್ಕೆ 2 ಸೆಂಟಿಮೀಟರ್. 1:1,00,000 ನಕ್ಷೆಯಲ್ಲಿ ಇದು 8 ಮತ್ತು 2 ಕಿಲೋಮೀಟರ್. 1:3,00,000ರಲ್ಲಿ 24 ಮತ್ತು 6. ಅಳತೆ ಸೊನ್ನೆಯ ಬದಲು ಬೇರೆ ಅಂಕಿಯಿಂದ ಶುರುವಾಗಿರುವುದೂ ಉಂಟು, ಶತ್ರುವಿಗೆ ತಿಳಿಯದಿರಲೆಂದೇ. ಹಾಗಾಗಿ ಅದೇ ದಿನದ ಆದೇಶದಲ್ಲಿ ಊರಿನ ಹೆಸರೂ ಅಂಕಿಯೂ ಒಟ್ಟಿಗೆ ಬರುವ ಒಂದು ಸಾಲು ಹುಡುಕಿ, ಅದರಿಂದ ನಕ್ಷೆಯ ಪ್ರಮಾಣವನ್ನೂ ಆರಂಭದ ಅಂಕಿಯನ್ನೂ ತಾಳೆ ನೋಡುತ್ತೇನೆ. ಅಂಥ ಸಾಲು ಸಿಗದಿದ್ದರೆ ಅನುವಾದದಲ್ಲಿ ಮೂಲದ ಅಂಕಿಗಳನ್ನೇ ಉಳಿಸುತ್ತೇನೆ, ಕಿಲೋಮೀಟರಿಗೆ ಬದಲಿಸುವುದಿಲ್ಲ.