ಗೋಧಿ ಹಿಟ್ಟಿನಲ್ಲಿ ಅಲರ್ಜಿ ತರುವ ಪ್ರೋಟೀನ್ ಪತ್ತೆ ಮಾಡುವುದು ಹೇಗೆ?

ಚಪಾತಿ ತಿಂದು ಮನೆಯಲ್ಲೇ ಕೂತರೆ ಏನೂ ಆಗುವುದಿಲ್ಲ. ಅದೇ ಚಪಾತಿ ತಿಂದು ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬಿರುಸಾಗಿ ನಡೆದರೆ ಮೈತುಂಬ ಗಂಧೆ ಏಳುತ್ತದೆ. ಕೆಲವರಿಗೆ ಉಸಿರು ಕಟ್ಟಿ, ರಕ್ತದೊತ್ತಡ ಕುಸಿದು, ಪ್ರಾಣಕ್ಕೇ ಬರುತ್ತದೆ. ಪಿತ್ತ ಕೆರಳಿದೆ ಎಂದು ಮನೆಯವರು ಸುಮ್ಮನಾಗುವುದೂ ಉಂಟು. ಗೋಧಿ ಅಲರ್ಜಿಯ ಒಂದು ಬಗೆಯೇ ಹೀಗೆ. ಗೋಧಿಯ ಜೊತೆಗೆ ವ್ಯಾಯಾಮವೋ, ಆಸ್ಪಿರಿನ್ ಮಾತ್ರೆಯೋ, ಮದ್ಯವೋ ಸೇರಿದಾಗ ಮಾತ್ರ ಕಾಣಿಸಿಕೊಳ್ಳುತ್ತದೆ. ಇಂಥ ಪ್ರಕರಣಗಳಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಓಮೆಗಾ-5 ಗ್ಲಿಯಾಡಿನ್ ಎಂಬ ಪ್ರೋಟೀನ್. ಅಲರ್ಜಿಕಾರಕಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರು ಟ್ರೈ ಎ 19. ನಮ್ಮದು ಮುದ್ದೆ, ಅನ್ನದ ಸೀಮೆ, ನಿಜ. ಆದರೂ ಗೋಧಿ ಗಿರಣಿಯ ತಂತ್ರಜ್ಞಾನ ಕಲಿಸುವ ಶಾಲೆ ಇರುವುದು ಮೈಸೂರಿನಲ್ಲೇ, ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಆವರಣದಲ್ಲಿ.

ಮೊದಲ ಹೆಜ್ಜೆಯನ್ನು ಅಡುಗೆಮನೆಯಲ್ಲೇ ನೋಡಬಹುದು (ಅಲರ್ಜಿ ಇರುವವರು ಬೇಡ). ಮೈದಾವನ್ನು ಗಟ್ಟಿಯಾಗಿ ಕಲಸಿ, ಅರ್ಧ ಗಂಟೆ ನೆನೆಯಲು ಬಿಡಿ. ಆಮೇಲೆ ಬೋಗುಣಿಯ ನೀರಿನಲ್ಲಿಟ್ಟು ಮೆಲ್ಲಗೆ ಹಿಸುಕುತ್ತಾ ತೊಳೆಯಿರಿ. ನೀರು ಹಾಲಿನಂತಾಗುತ್ತದೆ, ಅದು ಪಿಷ್ಟ. ನೀರು ಬದಲಿಸುತ್ತಾ ಹೋದರೆ ಕೊನೆಗೆ ಕೈಯಲ್ಲಿ ಉಳಿಯುವುದು ಬೂದುಬಣ್ಣದ, ಎಳೆದರೆ ಹಿಗ್ಗುವ ಜಿಗುಟು ಮುದ್ದೆ. ಅದೇ ಗ್ಲುಟೆನ್. ಇಟಲಿಯ ಬೆಕ್ಕಾರಿ ಹೀಗೆ ತೊಳೆದು ಬೇರ್ಪಡಿಸಿದ್ದರ ವರದಿ 1745ರಲ್ಲಿ ಅಚ್ಚಾಯಿತು. ನಮ್ಮ ಗ್ಲಿಯಾಡಿನ್ ಆ ಮುದ್ದೆಯೊಳಗೇ ಇದೆ, ನೀರಿಗೆ ಜಗ್ಗದೆ.

ಪ್ರಯೋಗಾಲಯದಲ್ಲಿ ಮಾಡುವುದು ಇದನ್ನೇ, ಇನ್ನಷ್ಟು ಕಟ್ಟುನಿಟ್ಟಾಗಿ. ಹೆಕ್ಸೇನಿನಂಥ ದ್ರಾವಕದಿಂದ ಹಿಟ್ಟಿನ ಕೊಬ್ಬು ತೆಗೆಯುತ್ತಾರೆ. ಬಳಿಕ ಹಿಟ್ಟನ್ನು ಉಪ್ಪುನೀರಿನಲ್ಲಿ ಕದಡಿ, ಸೆಂಟ್ರಿಫ್ಯೂಜ್ ಎಂಬ ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಮೇಲಿನ ತಿಳಿಯನ್ನು ಬೇರೆ ಇಡುತ್ತಾರೆ. ಅದರಲ್ಲಿ ಆಲ್ಬುಮಿನ್, ಗ್ಲೋಬುಲಿನ್ ಎಂಬ ಪ್ರೋಟೀನುಗಳು ಬಂದಿರುತ್ತವೆ. ತಳದ ಗಸಿಗೆ 70 ಶೇಕಡಾ ಆಲ್ಕೋಹಾಲ್ ಹಾಕಿ ಅಲುಗಾಡಿಸಿದರೆ ಗ್ಲಿಯಾಡಿನ್‌ಗಳು ಕರಗಿ ಬರುತ್ತವೆ. ಆಗಲೂ ಕರಗದೆ ಉಳಿದ, ಗ್ಲುಟೆನ್‌ನ ಇನ್ನೊಂದು ಪ್ರೋಟೀನಾದ ಗ್ಲುಟೆನಿನ್‌ಗೆ ದುರ್ಬಲ ಆಮ್ಲವೋ ಕ್ಷಾರವೋ ಬೇಕು. ಅಮೆರಿಕದ ಥಾಮಸ್ ಆಸ್ಬೋರ್ನ್ 1907ರಲ್ಲಿ ಗೋಧಿಗೆ ಹಾಕಿಕೊಟ್ಟ ವಿಂಗಡಣೆ ಇದು, ಇಂದಿಗೂ ಚಾಲ್ತಿಯಲ್ಲಿದೆ.

ಈ ಕರಗುವಿಕೆಯ ವಿಚಾರ ಬರೀ ಪಾಠವಲ್ಲ. ಆಸ್ಪತ್ರೆಯಲ್ಲಿ ಚರ್ಮ ಚುಚ್ಚಿ ನೋಡುವ ಪರೀಕ್ಷೆಗೆ ಬಳಸುವ ಗೋಧಿ ಸಾರ ಸಾಮಾನ್ಯವಾಗಿ ನೀರು ಅಥವಾ ಉಪ್ಪುನೀರಿನಲ್ಲಿ ತೆಗೆದದ್ದು. ಅದರೊಳಗೆ ಗ್ಲಿಯಾಡಿನ್ ಇದ್ದರೂ ಅಷ್ಟಕ್ಕಷ್ಟೆ. ಹಾಗಾಗಿ ನಿಜವಾಗಿ ಅಲರ್ಜಿ ಇರುವವರಿಗೂ ‘ಇಲ್ಲ’ ಎಂಬ ಫಲಿತಾಂಶ ಬರಬಹುದು. ರೋಗಿ ಸಮಾಧಾನವಾಗಿ ಮನೆಗೆ ಹೋಗಿ ಮತ್ತೆ ಚಪಾತಿ ತಿನ್ನುತ್ತಾರೆ!

ಮುಂದಿನದು ಜೆಲ್. ಬೇರ್ಪಡಿಸಿದ ಭಾಗಗಳನ್ನು ತೆಳು ಜೆಲ್ಲಿನ ಗುಳಿಗಳಿಗೆ ಹಾಕಿ ವಿದ್ಯುತ್ ಹರಿಸುತ್ತಾರೆ. ಚಿಕ್ಕ ಪ್ರೋಟೀನ್ ಬೇಗ ಕೆಳಗಿಳಿಯುತ್ತದೆ, ದೊಡ್ಡದು ಮೇಲೇ ಉಳಿಯುತ್ತದೆ. ನೀಲಿ ಬಣ್ಣ ಹಾಕಿದಾಗ ಅಡ್ಡಗೆರೆಗಳ ಸಾಲು ಕಾಣುತ್ತದೆ. ಓಮೆಗಾ-5 ನಿಲ್ಲುವುದು ಸುಮಾರು 65 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಆಸುಪಾಸಿನಲ್ಲಿ. ಆದರೆ ಯಾವ ಗೆರೆ ಅಲರ್ಜಿಯದು ಎಂದು ಬಣ್ಣ ಹೇಳುವುದಿಲ್ಲ.

ಅದನ್ನು ಹೇಳಬೇಕಾದದ್ದು ರೋಗಿಯ ರಕ್ತ. ಬಣ್ಣ ಹಾಕದ ಇನ್ನೊಂದು ಜೆಲ್ಲಿನಿಂದ ಗೆರೆಗಳನ್ನು ಪೊರೆಯೊಂದಕ್ಕೆ ವರ್ಗಾಯಿಸಿ, ಖಾಲಿ ಜಾಗಕ್ಕೆಲ್ಲ ಬೇರೆ ಪ್ರೋಟೀನ್ ಬಳಿದು ಮುಚ್ಚಿ, ರೋಗಿಯ ಒಪ್ಪಿಗೆ ಪಡೆದು ಸಂಗ್ರಹಿಸಿದ ಸೀರಂನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ರಾತ್ರಿಯಿಡೀ 4 ಡಿಗ್ರಿ ತಂಪಿನಲ್ಲಿ ನೆನೆಸುತ್ತಾರೆ. ಇಷ್ಟು ತಾಳ್ಮೆ ಬೇಕಾದದ್ದಕ್ಕೆ ಕಾರಣವಿದೆ: ಅಲರ್ಜಿಯ ಪ್ರತಿಕಾಯ ಐಜಿಇ ರಕ್ತದಲ್ಲಿ ಇರುವುದೇ ಅತ್ಯಲ್ಪ. ಬೆಳಿಗ್ಗೆ ತೊಳೆದು, ಐಜಿಇಗಷ್ಟೇ ಅಂಟುವ, ಕಿಣ್ವ ಕಟ್ಟಿದ ಮತ್ತೊಂದು ಪ್ರತಿಕಾಯ ಹಾಕುತ್ತಾರೆ. ಕಿಣ್ವಕ್ಕೆ ಬೇಕಾದ ರಾಸಾಯನಿಕ ಸೇರಿದ ಕೂಡಲೇ, ರೋಗಿಯ ಐಜಿಇ ಹಿಡಿದ ಗೆರೆಗಳಷ್ಟೇ ಮೂಡುತ್ತವೆ. ಪಕ್ಕದಲ್ಲೇ ಅಲರ್ಜಿ ಇಲ್ಲದವರ ಸೀರಂ ಹಾಕಿದ ಪಟ್ಟಿ ಇರಲೇಬೇಕು. ಅದಿಲ್ಲದ ಚಿತ್ರ ಎಷ್ಟು ಅಂದವಾಗಿದ್ದರೂ ನಾನಂತೂ ಒಪ್ಪುವುದಿಲ್ಲ.

ಗೆರೆ ಮೂಡಿತೆಂದರೆ ಅಲರ್ಜಿ ಸಾಬೀತಾಯಿತೇ? ಇಲ್ಲ. ಹುಲ್ಲಿನ ಪರಾಗಕ್ಕೆ ಹುಟ್ಟಿದ ಐಜಿಇ ಗೋಧಿಯ ಕೆಲವು ಪ್ರೋಟೀನುಗಳಿಗೂ ಅಂಟಿಕೊಳ್ಳುತ್ತದೆ, ಅಂಥವರು ಪೂರಿ ತಿಂದು ಆರಾಮಾಗಿರಬಹುದು. ಅದಕ್ಕೇ ಶುದ್ಧ ಓಮೆಗಾ-5 ಅನ್ನು ರೋಗಿಯ ರಕ್ತದ ಬೇಸೊಫಿಲ್ ಎಂಬ ಬಿಳಿ ರಕ್ತಕಣಗಳಿಗೆ ಸೇರಿಸಿ ಅವು ಕೆರಳುತ್ತವೆಯೇ ಎಂದು ನೋಡುತ್ತಾರೆ. ಹೊಟ್ಟೆಯ ಪೆಪ್ಸಿನ್ ಕಿಣ್ವದಲ್ಲಿ ಅರಗಿಸಿ, ಉಳಿದ ತುಣುಕಿಗೂ ಐಜಿಇ ಅಂಟುತ್ತದೆಯೇ ಎಂದು ಪರೀಕ್ಷಿಸುವುದೂ ಇದೆ. ತಿನ್ನಿಸಿ ನೋಡುವ ಪರೀಕ್ಷೆ ಮಾತ್ರ ಆಸ್ಪತ್ರೆಯಲ್ಲಿ, ತುರ್ತು ಮದ್ದಾದ ಅಡ್ರಿನಲಿನ್ ಕೈಗೆಟುಕುವಂತೆ ಇಟ್ಟುಕೊಂಡೇ ಆಗಬೇಕು.

ಊಟ, ನಡಿಗೆ, ಗಂಧೆ ಹೀಗೆ ಒಂದರ ಹಿಂದೆ ಒಂದು ಬರುತ್ತಿದ್ದರೆ ಅಲರ್ಜಿ ತಜ್ಞರ ಬಳಿ ‘ಓಮೆಗಾ-5 ಗ್ಲಿಯಾಡಿನ್ ಐಜಿಇ’ ರಕ್ತಪರೀಕ್ಷೆಯ ಬಗ್ಗೆ ಕೇಳಿ. ಇದು ಗ್ಲುಟೆನ್‌ನಿಂದ ಸಣ್ಣಕರುಳು ಕೆಡುವ ಸೀಲಿಯಾಕ್ ಕಾಯಿಲೆಯ ಪರೀಕ್ಷೆಯಲ್ಲ, ಅದರ ಪ್ರತಿಕಾಯಗಳೇ ಬೇರೆ. ಗೋಧಿ ಬಿಡಬೇಕೆಂದರೆ ಚಿರೋಟಿ ರವೆ, ಜವೆಗೋಧಿ, ಶ್ಯಾವಿಗೆ ಎಲ್ಲವನ್ನೂ ಲೆಕ್ಕ ಹಾಕಿ. ಅಂಗಡಿಯ ಇಂಗಿನ ಡಬ್ಬಿಯನ್ನೂ ತಿರುಗಿಸಿ ಓದಿ. ಕೂಟು ಇಂಗಿಗೆ ಮೈದಾ ಬೆರೆಸುವುದು ಸಾಮಾನ್ಯ.