ಹೆಂಡತಿಗೆ ಸ್ತನದ ಆಪರೇಷನ್ ಇದೆಯಾ? ಗಂಡ ಕಲಿತುಕೊಳ್ಳಬೇಕಾದ ಕೆಲಸಗಳು

ನನ್ನ ಹೆಂಡತಿಗೆ ಸ್ತನದ ಕ್ಯಾನ್ಸರ್ ಆಗಿ ಎಡಗಡೆಯ ಸ್ತನ ಪೂರ್ತಿ ತೆಗೆದರು, ಜೊತೆಗೆ ಕಂಕುಳಿನ ಗಂಟುಗಳನ್ನೂ (ಲಿಂಫ್ ನೋಡ್ ಅನ್ನುತ್ತಾರಲ್ಲ, ಅವು) ತೆಗೆದರು. ಅದಕ್ಕೆ ಮುಂಚಿನ ವಾರ ಸಿಕ್ಕವರೆಲ್ಲ ನನಗೆ "ನೀನು ಧೈರ್ಯವಾಗಿರಪ್ಪ" ಅಂತಲೇ ಹೇಳುತ್ತಿದ್ದರು. ಮನೆಗೆ ಬಂದ ಮೇಲೆ ಏನು ಮಾಡಬೇಕು ಅಂತ ಒಬ್ಬರೂ ಹೇಳಲಿಲ್ಲ. ಕಲಿಯಬೇಕಾದ ಕೆಲಸ ಬೇಕಾದಷ್ಟಿದೆ. ನಾನು ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲು, ಡಾಕ್ಟರ ಮುಂದೆ ಇಬ್ಬರೂ ಒಟ್ಟಿಗೆ ಕೂತುಕೊಳ್ಳಿ. ಪೂರ್ತಿ ತೆಗೆಯಲೇಬೇಕಾ, ಗಡ್ಡೆ ಮಾತ್ರ ತೆಗೆದು ರೇಡಿಯೇಷನ್ ಕೊಟ್ಟರೆ ಆಗುತ್ತಾ? ಕಂಕುಳಲ್ಲಿ ಎಷ್ಟು ತೆಗೆಯುತ್ತಾರೆ? ಪ್ಲಾಸ್ಟಿಕ್ ಸರ್ಜರಿ ಮಾಡಿಸಿ ಸ್ತನದ ಆಕಾರ ಮತ್ತೆ ತರಿಸಿಕೊಳ್ಳಬೇಕು ಅಂತಿದ್ದರೆ ಈಗಲೇ ಹೇಳಬೇಕಾ? ಕೇಳಿದ್ದನ್ನೆಲ್ಲ ಬರೆದುಕೊಳ್ಳುವುದು ನಿಮ್ಮ ಕೆಲಸ, ತೀರ್ಮಾನ ಹೆಂಡತಿಯದು. ಡಾಕ್ಟರನ್ನು ಪಕ್ಕಕ್ಕೆ ಕರೆದು "ಅವಳಿಗೆ ಹೇಳಬೇಡಿ ಸಾರ್" ಅನ್ನುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ದಯವಿಟ್ಟು ಬೇಡ. ಹೇಗೂ ನಿಮ್ಮ ಮುಖ ನೋಡಿದರೆ ಅವರಿಗೆ ಗೊತ್ತಾಗುತ್ತದೆ, ಆಮೇಲೆ ಕೇಳಲೂ ಆಗದೆ ಒಬ್ಬರೇ ಹೆದರುತ್ತಾರೆ.

ದುಡ್ಡಿನ ವಿಷಯ ಅಡ್ಮಿಟ್ ಆಗುವ ಮುಂಚೆಯೇ ವಿಚಾರಿಸಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು. ರೈಲಿನಲ್ಲಿ ಓಡಾಡುವವರಾದರೆ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲೂ ಥರ್ಡ್ ಎಸಿಯಲ್ಲೂ ಟಿಕೆಟ್ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವವರಿಗೆ ಶೇ 75. ಅದಕ್ಕೆ ಆಸ್ಪತ್ರೆಯಿಂದ ಫಾರಂ ಬರೆಸಿಕೊಳ್ಳಬೇಕು.

ಬ್ಯಾಗಿಗೆ ಮುಂದೆ ಗುಂಡಿ ಇರುವ ನೈಟಿ ಮೂರು ನಾಲ್ಕು ಹಾಕಿ. ತಲೆ ಮೇಲಿಂದ ಹಾಕಿಕೊಳ್ಳುವ ಬಟ್ಟೆ ಕೆಲವು ವಾರ ಆಗುವುದಿಲ್ಲ, ಕೈ ಮೇಲಕ್ಕೆ ಬರಲ್ಲ. ಮೆತ್ತನೆಯ ಸಣ್ಣ ದಿಂಬು ಎರಡು ಇರಲಿ. ಒಂದು ಮಲಗಿದಾಗ ತೋಳಿನ ಕೆಳಗೆ. ಇನ್ನೊಂದು ಕಾರಿನಲ್ಲಿ ಊರಿಗೆ ಬರುವಾಗ ಸೀಟ್ ಬೆಲ್ಟಿಗೂ ಎದೆಗೂ ಮಧ್ಯೆ. ನಮ್ಮ ರೋಡಿನ ಹಂಪುಗಳಲ್ಲಿ ಆ ದಿಂಬಿನ ಬೆಲೆ ಗೊತ್ತಾಗುತ್ತದೆ.

ಇನ್ನು ಡ್ರೈನ್. ಗಾಯದ ಒಳಗೆ ಸೇರುವ ನೀರು ಹೊರಗೆ ಬರಲಿ ಅಂತ ಒಂದೋ ಎರಡೋ ಪೈಪ್ ಇಟ್ಟು, ತುದಿಗೆ ಬಲ್ಬನ್ನೋ ಬಾಟಲನ್ನೋ ಸಿಕ್ಕಿಸಿ ಮನೆಗೆ ಕಳಿಸುತ್ತಾರೆ. ಡಿಸ್ಚಾರ್ಜ್ ದಿನ ಗಡಿಬಿಡಿಯಲ್ಲಿ ಸಿಸ್ಟರ್ ಬಾಯಲ್ಲಿ ಹೇಳಿಬಿಡುತ್ತಾರೆ. ಸುಮ್ನೆ ತಲೆಯಾಡಿಸಬೇಡಿ, ಅವರ ಮುಂದೆಯೇ ಒಂದು ಸಲ ನಿಮ್ಮ ಕೈಯಲ್ಲಿ ಮಾಡಿ ತೋರಿಸಿ. ಕೈ ತೊಳೆದು, ಮುಚ್ಚಳ ತೆಗೆದು, ಅಳತೆ ಲೋಟಕ್ಕೆ ಸುರಿದು, ಎಷ್ಟು ಎಂಎಲ್ ಅಂತ ನೋಡಿ, ಬಲ್ಬನ್ನು ಚೆನ್ನಾಗಿ ಒತ್ತಿ ಹಿಡಿದುಕೊಂಡೇ ಮುಚ್ಚಳ ಹಾಕಬೇಕು, ಒತ್ತದೆ ಹಾಕಿದರೆ ಅದು ಎಳೆದುಕೊಳ್ಳುವುದಿಲ್ಲ. ಪ್ರತಿದಿನ ಒಂದೇ ಹೊತ್ತಿಗೆ ಅಳೆದು ಬರೆದಿಡಿ. ಸಾಮಾನ್ಯವಾಗಿ ದಿನಕ್ಕೆ 30 ಎಂಎಲ್‌ಗಿಂತ ಕಡಿಮೆಯಾದ ಮೇಲೆ ತೆಗೆಯುತ್ತಾರೆ. ಬಣ್ಣ ಮೊದಲು ಕೆಂಪಗಿರುತ್ತದೆ, ಆಮೇಲೆ ತಿಳಿ ಹಳದಿಗೆ ಬರುತ್ತದೆ. ನಾನು ಹಳೇ ಕಾಟನ್ ಸೀರೆ ತುಂಡಿನಲ್ಲಿ ಒಂದು ಸಣ್ಣ ಚೀಲ ಹೊಲಿಸಿ, ಲಂಗದ ಲಾಡಿ ಕಟ್ಟಿ ಅವಳ ಕುತ್ತಿಗೆಗೆ ಹಾಕಿದ್ದೆ. ಪೈಪ್ ಎಲ್ಲೂ ಸಿಕ್ಕಿಕೊಂಡು ಎಳೆಯಲಿಲ್ಲ.

ತಿಳಿಯಾಗಿದ್ದ ನೀರು ಇದ್ದಕ್ಕಿದ್ದ ಹಾಗೆ ಕೆಂಪು ರಕ್ತವಾದರೆ, ಎದೆ ದಿಢೀರನೆ ಊದಿದರೆ, ಗಾಯ ಕೆಂಪಾಗಿ ಬಿಸಿಯಾದರೆ, ಕೀವು ಕಂಡರೆ, ಜ್ವರ 100.4 ದಾಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಫೋನ್ ಮಾಡಿ. ಉಸಿರಾಟಕ್ಕೆ ಕಷ್ಟವಾದರೆ ಫೋನ್ ಕೂಡ ಬೇಡ, ನೇರ ಎಮರ್ಜೆನ್ಸಿಗೆ ಹೋಗಿ.

ಆಪರೇಷನ್ ಆದ ಕಡೆಯ ಕೈಯನ್ನು ಜೀವನಪೂರ್ತಿ ಜೋಪಾನ ಮಾಡಬೇಕು. ಕಂಕುಳಿನ ಗಂಟು ತೆಗೆದ ಮೇಲೆ ಆ ಕೈಯಲ್ಲಿ ನೀರು ನಿಂತು ಬಾವು ಬರಬಹುದು. ಅದಕ್ಕೇ ಆ ಕೈಗೆ ಇಂಜೆಕ್ಷನ್, ರಕ್ತ ತೆಗೆಯುವುದು, ಬಿಪಿ ನೋಡುವುದು ಬೇಡ ಅಂತ ನಮಗೆ ಹೇಳಿದ್ದರು. ಹಾಗಿದ್ದರೂ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯಲು ಅದೇ ಕೈಗೆ ಪಟ್ಟಿ ಕಟ್ಟಿಬಿಟ್ಟಿದ್ದರು. ಅವಳು ಸುಸ್ತಾಗಿ ಕಣ್ಣು ಮುಚ್ಚಿ ಕೂತಿದ್ದಳು, ನಾನು ನೋಡಿ ನಿಲ್ಲಿಸಿದೆ. ಪಕ್ಕದಲ್ಲೇ ನಿಂತಿರಿ. ಬಿಗಿಯಾದ ಬಳೆ, ಉಂಗುರ ಆ ಕೈಯಲ್ಲಿ ಬೇಡ. ಬೋಳುಗೈ ಅಂತ ಅವರಿಗೆ ಸಂಕಟವಾದರೆ, ಸಡಿಲವಾದ ಒಂದು ಬಳೆ ಹಾಕಬಹುದಾ ಅಂತ ಡಾಕ್ಟರನ್ನೇ ಕೇಳಿ. ನೀರಿನ ಕೊಡ, ತುಂಬಿದ ಕುಕ್ಕರ್ ಎತ್ತುವುದು ಇನ್ನು ನಿಮ್ಮ ಪಾಲಿಗೆ.

ಹಾಗಂತ ಕೈ ಮಡಚಿ ಇಟ್ಟುಕೊಂಡರೆ ಭುಜ ಹಿಡಿದುಕೊಳ್ಳುತ್ತದೆ. ಮುಷ್ಟಿ ಮಾಡುವುದು, ಬಿಡುವುದು, ಮೊಣಕೈ ಮಡಚುವುದು ಮೊದಲ ದಿನಗಳಲ್ಲೇ ಶುರು. ಡ್ರೈನ್ ತೆಗೆದ ಮೇಲೆ, ಡಾಕ್ಟರು ಹೂಂ ಅಂದಮೇಲೆ, ಗೋಡೆ ಮೇಲೆ ಬೆರಳು ಹತ್ತಿಸುವ ವ್ಯಾಯಾಮ. ನಾವು ದಿನಾ ಎಷ್ಟು ಎತ್ತರ ಅಂತ ಪೆನ್ಸಿಲ್‌ನಲ್ಲಿ ಗೆರೆ ಹಾಕುತ್ತಿದ್ದೆವು. ತೋಳಿನ ಒಳಭಾಗ ಮರಗಟ್ಟಿದ ಹಾಗೆ ಇರುತ್ತದೆ, ಅಲ್ಲಿನ ನರಕ್ಕೆ ಪೆಟ್ಟಾಗಿರುತ್ತದೆ, ಹೆದರಬೇಡಿ.

ಊಟದ ವಿಷಯದಲ್ಲಿ ಮನೆಯ ಹಿರಿಯರ ಜೊತೆ ಸ್ವಲ್ಪ ಗಟ್ಟಿಯಾಗಿ ನಿಲ್ಲಬೇಕಾಗುತ್ತದೆ. ಬದನೆಕಾಯಿ ನಂಜು, ಮೊಟ್ಟೆ ನಂಜು, ಮೀನು ನಂಜು ಅಂತ ಬಾಣಂತಿ ಪಥ್ಯದ ಹಾಗೆ ಬರೀ ಅನ್ನ ಸಾರು ಹಾಕುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಗಾಯ ಮಾಯಬೇಕಾದರೆ ಪ್ರೋಟೀನ್ ಬೇಕು. ಬೇಳೆ, ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು. ನಾನು ಅಮ್ಮನನ್ನೇ ಚೆಕಪ್‌ಗೆ ಕರೆದುಕೊಂಡು ಹೋಗಿ ಡಾಕ್ಟರ ಬಾಯಲ್ಲೇ ಹೇಳಿಸಿದೆ. ಮಾರನೇ ದಿನ ಮೊಳಕೆ ಹುರುಳಿ ಸಾರು ಆಯಿತು.

ನೋಡಲು ಬರುವವರನ್ನು ಬಾಗಿಲಲ್ಲೇ ನೀವು ಮಾತಾಡಿಸಿ. ಯಾರು ಒಳಗೆ ಬರಬೇಕು ಅಂತ ಹೇಳುವುದು ಹೆಂಡತಿ. "ನಮ್ಮ ಚಿಕ್ಕಮ್ಮನಿಗೂ ಹೀಗೇ ಆಗಿತ್ತು, ಪಾಪ ಉಳಿಯಲಿಲ್ಲ" ಅನ್ನುವ ಮಾತು ಹಾಸಿಗೆಯವರೆಗೆ ಹೋಗಬಾರದು.

ನಾನು ಮಾಡಿದ ಒಂದು ತಪ್ಪು ಹೇಳಲೇಬೇಕು. ನಿದ್ದೆಯಲ್ಲಿ ನನ್ನ ಕೈ ತಾಗೀತು ಅಂತ ಹಾಲ್‌ನಲ್ಲಿ ಚಾಪೆ ಹಾಕಿ ಮಲಗಿದೆ. ಯಾಕೆ ಅಂತ ಹೇಳಲಿಲ್ಲ. ನಾಲ್ಕನೇ ರಾತ್ರಿ ಅವಳು "ರೀ, ನನ್ನ ಪಕ್ಕ ಮಲಗೋಕೆ ಬೇಜಾರಾ?" ಅಂತ ಕೇಳಿದಳು. ನಾಲ್ಕು ದಿನ ಅವಳು ಅದನ್ನೇ ಯೋಚಿಸಿಕೊಂಡು ಮಲಗಿದ್ದಳು. ಅವತ್ತೇ ಚಾಪೆ ತಂದು ಅವಳ ಮಂಚದ ಬಲಗಡೆ ಹಾಸಿದೆ. ನೀವು ಏನೇ ಬದಲಾಯಿಸಿದರೂ ಕಾರಣ ಬಾಯಿಬಿಟ್ಟು ಹೇಳಿ.

ಗಾಯ ನೋಡುವುದೂ ಹಾಗೇ. ಕೆಲವರು ಮೊದಲ ಡ್ರೆಸಿಂಗ್‌ನಲ್ಲೇ ನೋಡುತ್ತಾರೆ, ಕೆಲವರಿಗೆ ವಾರಗಳು ಬೇಕು. ಒತ್ತಾಯ ಮಾಡಬೇಡಿ, ಕನ್ನಡಿ ಮುಚ್ಚಲೂ ಬೇಡಿ. ಒಂಬತ್ತನೇ ದಿನ ಅವಳೇ ಕರೆದಳು, ಇಬ್ಬರೂ ಒಟ್ಟಿಗೆ ನೋಡಿದೆವು. "ಏನೂ ವ್ಯತ್ಯಾಸ ಇಲ್ಲ" ಅಂತ ನಾನು ಹೇಳಲಿಲ್ಲ, ವ್ಯತ್ಯಾಸ ಇತ್ತು. ಅವಳು ಅತ್ತಳು, ನಾನೂ ಅತ್ತೆ. ಗಾಯ ಪೂರ್ತಿ ಮಾಯುವವರೆಗೆ ಬ್ರಾ ಒಳಗೆ ಹಗುರವಾದ ಹತ್ತಿಯ ಪ್ಯಾಡ್ ಇಡಬಹುದು, ಸಿಲಿಕಾನಿನದು ಆಮೇಲೆ. ಏನೂ ಇಡುವುದಿಲ್ಲ ಅಂದರೆ ಅದೂ ಸರಿಯೇ. ನನ್ನ ಹೆಂಡತಿ ಮದುವೆ ಮುಂಜಿಗೆ ಹೋಗುವಾಗ ಇಡುತ್ತಾಳೆ, ಮನೆಯಲ್ಲಿ ಇಡಲ್ಲ.

ಆಪರೇಷನ್‌ನಲ್ಲಿ ತೆಗೆದ ಭಾಗದ ಬಯಾಪ್ಸಿ ರಿಪೋರ್ಟ್ ಬರಲು ಒಂದೆರಡು ವಾರ ಹಿಡಿಯುತ್ತದೆ. ಎಷ್ಟು ಗಂಟಿನಲ್ಲಿ ಕ್ಯಾನ್ಸರ್ ಇತ್ತು, ಇಆರ್, ಪಿಆರ್, ಹರ್-2 (ಕ್ಯಾನ್ಸರ್ ಯಾವ ಬಗೆಯದು ಅಂತ ತಿಳಿಸುವ ಪರೀಕ್ಷೆಗಳು) ಏನು ಬಂತು, ಇವುಗಳ ಮೇಲೆ ಕೀಮೋ, ರೇಡಿಯೇಷನ್, ಮಾತ್ರೆ ನಿಂತಿರುತ್ತದೆ. ನೀವೊಬ್ಬರೇ ಹೋಗಿ ರಿಪೋರ್ಟ್ ತಂದು ಓದಬೇಡಿ. ಅವರು ಬರುವ ಸ್ಥಿತಿಯಲ್ಲಿದ್ದರೆ ಕರೆದುಕೊಂಡು ಹೋಗಿ, ಡ್ರೈನ್ ಬರೆದಿಟ್ಟ ನೋಟ್‌ಬುಕ್ ಜೊತೆಗಿರಲಿ. ನಮ್ಮ ನೋಟ್‌ಬುಕ್ಕಿನ ಮುಂದಿನ ಪುಟದಲ್ಲಿ ಅವಳೇ ಕೂತು ಪ್ರಶ್ನೆ ಬರೆದಿದ್ದಳು, ಹನ್ನೊಂದು. ಒಂದೊಂದಾಗಿ ಅವಳೇ ಕೇಳಿದಳು, ಉತ್ತರ ನಾನು ಬರೆದುಕೊಂಡೆ.