ಹೊಸ ಪ್ರಧಾನಿಯ ಜನಪ್ರಿಯತೆ ಕುಸಿದಿದೆ ಎಂಬ ಸುದ್ದಿಯನ್ನು ಓದುವ ಬಗೆ

ಹೊಸದಾಗಿ ಅಧಿಕಾರ ಹಿಡಿದ ಪ್ರಧಾನಿಯ ಅಥವಾ ಅಧ್ಯಕ್ಷರ ಜನಪ್ರಿಯತೆ ಇಳಿದಿದೆ ಎಂಬ ವರದಿ ಬಂದ ದಿನ, ಶಿವಮೊಗ್ಗದ ವಾಚನಾಲಯದಲ್ಲಾಗಲಿ ತೀರ್ಥಹಳ್ಳಿಯ ಬಸ್ ನಿಲ್ದಾಣದಲ್ಲಾಗಲಿ ಚರ್ಚೆ ಹುಟ್ಟುವುದು ತಲೆಬರಹದಿಂದ. ಓದುಗರು ಮೊದಲು ಹುಡುಕಬೇಕಾದದ್ದು ಸಮೀಕ್ಷೆಯಲ್ಲಿ ಕೇಳಿದ ಪ್ರಶ್ನೆಯನ್ನು. ನಾಯಕರು ಕೆಲಸ ನಿರ್ವಹಿಸುತ್ತಿರುವ ರೀತಿ ಒಪ್ಪಿಗೆಯೇ ಎಂದು ಕೇಳುವುದು ಬೇರೆ, ಇಂದೇ ಚುನಾವಣೆ ನಡೆದರೆ ಯಾರಿಗೆ ಮತ ಹಾಕುತ್ತೀರಿ ಎಂದು ಕೇಳುವುದು ಬೇರೆ. ಕೆಲಸವನ್ನು ಮೆಚ್ಚದವರೂ ಮತ್ತೆ ಅದೇ ಪಕ್ಷಕ್ಕೆ ಮತ ಹಾಕಬಹುದು.

ಕೆಲವು ವರದಿಗಳು ಮೆಚ್ಚುವವರ ಪ್ರಮಾಣದಿಂದ ಮೆಚ್ಚದವರ ಪ್ರಮಾಣವನ್ನು ಕಳೆದು ನಿವ್ವಳ ಅಂಕಿಯನ್ನಷ್ಟೇ ಕೊಡುತ್ತವೆ. ನೂರರಲ್ಲಿ ಐವರು ಮೆಚ್ಚುಗೆಯಿಂದ ಅಸಮ್ಮತಿಗೆ ಸರಿದರೆ ನಿವ್ವಳ ಅಂಕಿ ಹತ್ತರಷ್ಟು ಇಳಿಯುತ್ತದೆ. ಆದ್ದರಿಂದ ಎರಡು ಮೂಲ ಅಂಕಿಗಳನ್ನೂ ನೋಡದೆ ಕುಸಿತದ ಗಾತ್ರವನ್ನು ನಿರ್ಧರಿಸಬಾರದು.

ಇಳಿಕೆಯನ್ನು ಯಾವ ಎತ್ತರದಿಂದ ಅಳೆಯಲಾಗಿದೆ ಎಂಬುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಅಧಿಕಾರದ ಮೊದಲ ವಾರಗಳಲ್ಲಿ ಮತ ಹಾಕದವರೂ ಹೊಸಬರಿಗೆ ಒಂದು ಅವಕಾಶ ಕೊಡುತ್ತಾರೆ. ಆ ಸದ್ಭಾವನೆ ಕರಗುವುದು ಸಹಜ. ಅಮೆರಿಕದ ಗ್ಯಾಲಪ್ ಸಮೀಕ್ಷೆಯಲ್ಲಿ ಜೋ ಬೈಡನ್ ಅವರ ಕೆಲಸವನ್ನು ಒಪ್ಪುವವರು 2021ರ ಆರಂಭದಲ್ಲಿ ಶೇ. 57ರಷ್ಟಿದ್ದರು; ಅಫ್ಘಾನಿಸ್ತಾನದಿಂದ ಸೇನೆ ಹಿಂದೆ ಸರಿದ ನಂತರ, ಸೆಪ್ಟೆಂಬರ್‌ನಲ್ಲಿ, ಅದು ಶೇ. 43ಕ್ಕೆ ಇಳಿದಿತ್ತು. ಬ್ರಿಟನ್ನಿನಲ್ಲಿ 2024ರ ಜುಲೈನ ಸಂಸತ್ ಚುನಾವಣೆಯಲ್ಲಿ ಗೆದ್ದು ಪ್ರಧಾನಿಯಾದ ಕೀರ್ ಸ್ಟಾರ್ಮರ್ ಅವರ ಪಕ್ಷ 650ರಲ್ಲಿ 411 ಸ್ಥಾನ ಪಡೆದರೂ ಅದಕ್ಕೆ ಬಿದ್ದ ಮತ ಶೇ. 34ರಷ್ಟು ಮಾತ್ರ. ಸ್ಥಾನಗಳ ರಾಶಿ ನೋಡಿದವರಿಗೆ ಅವರ ಜನಬೆಂಬಲ ಒಮ್ಮೆಲೇ ಕುಸಿದಂತೆ ಕಂಡಿತು, ಆದರೆ ಬುನಾದಿಯೇ ಕಿರಿದಾಗಿತ್ತು. ಅದೇ ತಿಂಗಳ ಕೊನೆಯಲ್ಲಿ ಬಹುಪಾಲು ಪಿಂಚಣಿದಾರರಿಗೆ ಚಳಿಗಾಲದ ಇಂಧನ ಸಹಾಯಧನವನ್ನು ನಿಲ್ಲಿಸುವ ನಿರ್ಧಾರ ಪ್ರಕಟವಾದಾಗ ಅಸಮಾಧಾನ ಹೆಚ್ಚಿತು. ಮರುವರ್ಷ ಸರ್ಕಾರ ಆ ನಿರ್ಧಾರದಿಂದ ಬಹುಮಟ್ಟಿಗೆ ಹಿಂದೆ ಸರಿಯಿತು. ಇಳಿಕೆ ಹೀಗೆ ಗುರುತಿಸಬಹುದಾದ ಒಂದು ನಿರ್ಧಾರದ ಬೆನ್ನಿಗೆ ಬಂದಿದೆಯೇ, ಅಥವಾ ತಿಂಗಳುಗಟ್ಟಲೆ ನಿಧಾನವಾಗಿ ಸವೆದಿದೆಯೇ ಎಂಬುದನ್ನು ದಿನಾಂಕಗಳನ್ನು ಹೊಂದಿಸಿ ಪರಿಶೀಲಿಸಿ.

ಮುಂದಿನದು ಯಾರನ್ನು ಕೇಳಿದರು ಎಂಬ ವಿಚಾರ. ಅಡಿಕೆ ಮಂಡಿಯಲ್ಲಿ ಚೀಲದ ಬಾಯಿಯಲ್ಲಿರುವುದನ್ನಷ್ಟೇ ನೋಡಿ ದರ ಹೇಳಿದರೆ ಬೆಳೆಗಾರರೂ ಖರೀದಿದಾರರೂ ಮೋಸಹೋಗುತ್ತಾರೆ. ಸಮೀಕ್ಷೆಯಲ್ಲಿಯೂ ಆಯ್ಕೆಯ ಕ್ರಮವೇ ಸಂಖ್ಯೆಗಿಂತ ದೊಡ್ಡದು. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಸಂಗ್ರಹಿಸಿ, ಅಧ್ಯಕ್ಷ ರೂಸ್‌ವೆಲ್ಟ್ ಆ ವರ್ಷದ ಚುನಾವಣೆಯಲ್ಲಿ ಸೋಲುತ್ತಾರೆ ಎಂದಿತು. ಅವರು 48 ರಾಜ್ಯಗಳಲ್ಲಿ 46ನ್ನು ಗೆದ್ದರು.

ಸರಿಯಾಗಿ ಆಯ್ದ ಸಾವಿರ ಜನರ ಸಮೀಕ್ಷೆಯಲ್ಲಿಯೂ ಸುಮಾರು ಶೇ. 3ರಷ್ಟು ಆಚೀಚೆ ಆಗುವ ಸಾಧ್ಯತೆಯಿದೆ. ಹಾಗಾಗಿ ಕಳೆದ ತಿಂಗಳು 46 ಇದ್ದದ್ದು ಈಗ 44 ಆಗಿದೆ ಎಂಬುದು ಕುಸಿತವಲ್ಲ. ಒಂದೇ ಸಂಸ್ಥೆ, ಒಂದೇ ಪ್ರಶ್ನೆಯಿಂದ ನಡೆಸಿದ ಮೂರು ನಾಲ್ಕು ಸುತ್ತುಗಳು ಒಂದೇ ದಿಕ್ಕಿಗೆ ಸಾಗಿದಾಗ ಮಾತ್ರ ಅದಕ್ಕೆ ಬೆಲೆ ಕೊಡಿ.

ದೇಶದ ಸರಾಸರಿಯನ್ನು ನಮ್ಮ ಊರಿಗೆ ಅನ್ವಯಿಸುವ ಆತುರವನ್ನಂತೂ ಬಿಡಲೇಬೇಕು. 1977ರಲ್ಲಿ ಇಂದಿರಾ ಗಾಂಧಿಯವರು ರಾಯ್‌ಬರೇಲಿಯಲ್ಲಿ ಸೋತು ಅವರ ಪಕ್ಷ ಅಧಿಕಾರ ಕಳೆದುಕೊಂಡಾಗಲೂ ಕರ್ನಾಟಕದ 28 ಕ್ಷೇತ್ರಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದಿದ್ದವು. ಮರುವರ್ಷ ನಮ್ಮ ಮಲೆನಾಡಿನ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರ ಎದುರು ಗೆದ್ದು ಅವರು ಲೋಕಸಭೆಗೆ ಮರಳಿದರು. ಜನಸಂಖ್ಯೆಯ ಲೆಕ್ಕದಲ್ಲಿ, ದೇಶದಾದ್ಯಂತ ಸಾವಿರ ಜನರನ್ನು ಮಾತನಾಡಿಸಿದರೆ ಅವರಲ್ಲಿ ಕರ್ನಾಟಕದವರು ಐವತ್ತರ ಆಸುಪಾಸು ಮಾತ್ರ. ಅಷ್ಟು ಕಡಿಮೆ ಉತ್ತರಗಳಲ್ಲಿ ತಪ್ಪಿನ ಅಂತರ ಶೇ. 14ರಷ್ಟಾಗುತ್ತದೆಯಾದ್ದರಿಂದ, ಅಂತಹ ಸಮೀಕ್ಷೆಯನ್ನು ಹಿಡಿದು ಶಿವಮೊಗ್ಗ ಜಿಲ್ಲೆಯ ಜನರ ಮನಸ್ಸು ಹೀಗಿದೆ ಎಂದು ಯಾರಾದರೂ ಹೇಳಿದರೆ, ಜಿಲ್ಲೆಯಲ್ಲಿ ಎಷ್ಟು ಜನರನ್ನು ಕೇಳಲಾಗಿದೆ ಎಂದು ವಿಚಾರಿಸಿ.